ಔಷಧಿಯ ಪಾತ್ರಾಪಾತ್ರ ವಿಚಾರ

‘ಪಾತ್ರ’ವೆಂಬ ಶಬ್ದಕ್ಕೆ ಭಾಂಡವೆಂದೂ ಯೋಗ್ಯನೆಂದೂ ಎರಡು ಅರ್ಥಗಳುಂಟು. ದಾನ ಮಾಡುವಾಗ ಪಾತ್ರಾಪಾತ್ರವನ್ನು ವಿಚಾರಿಸಬೇಕೆಂಬುದು ಹಿರಿಯರ ಮಾತು. ಔಷಧಿಯ ವಿಷಯದಲ್ಲಿಯೂ ಈ ವಿಚಾರವು ಅಷ್ಟೇ ಅವಶ್ಯವಾದುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅಂಗಡಿಗಳಲ್ಲಿ ಈಗ ದ್ರಾಕ್ಷಾರಿಷ್ಟ, ಅಶೋಕಾರಿಷ್ಟ ಮೊದಲಾದುವು ಬಹುಮಟ್ಟಿಗೆ ಪ್ಲಾಸ್ಟಿಕ್ ಸೀಸೆಗಳಲ್ಲಿಯೇ ದೊರೆಯುತ್ತವೆ. ಇದನ್ನು ಆಕ್ಷೇಪಿಸುವವರು, “ನಮ್ಮ ಪೂರ್ವಿಕರು ಗಾಜನ್ನೇ ಬಳಸುತ್ತಿದ್ದರು, ಆದಕಾರಣ ಗಾಜೇ ಮೇಲು” ಎನ್ನುವರು. ಅವರ ನಿರ್ಣಯವು ಸರಿ. ಕೊಡುವ ಕಾರಣವು ಮಾತ್ರ ಚರಿತ್ರೆಗೆ ಒಪ್ಪುವಂತಹುದಲ್ಲ. ಕಾರಣವು ದುರ್ಬಲವಾದರೆ ನಿರ್ಣಯವೂ ನಿಲ್ಲದು. ಆದ್ದರಿಂದ ಈ ಸಂಗತಿಯನ್ನು ಸ್ವಲ್ಪ ವಿಚಾರಿಸೋಣ.

ಆಸವಾರಿಷ್ಟಗಳು ಸಂಧಾನಕ್ರಿಯೆಯಿಂದ, ಎಂದರೆ ಹುದುಗು ಬರಿಸುವುದರಿಂದ, ಸಿದ್ಧವಾಗುವ ಔಷಧಿಗಳು. ಮೂಲಿಕೆಗಳನ್ನು ಕುದಿಸದೆ ಮಾಡಿದುದು ಆಸವವೆಂದೂ, ಕಷಾಯದಿಂದ ಮಾಡಿದುದು ಅರಿಷ್ಟವೆಂದೂ ಶಾರ್ಙ್ಗಧರನು ಭೇದವನ್ನು ಹೇಳುತ್ತಾನೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ೮೪ ಆಸವಗಳ ಗಣನೆಯಿದೆ. ಇವುಗಳಿಗೆ ಹೇಳಿದ ಪಾತ್ರೆಯಾದರೋ ಮಣ್ಣಿನ ಮಡಕೆ. ಅದರ ಒಳಮೈಗೆ ತುಪ್ಪವನ್ನು ಸವರಿ, ದ್ರವಕ್ಕೆ ಬೆಲ್ಲವನ್ನೋ ಜೇನನ್ನೋ ಧಾತಕೀಪುಷ್ಪದೊಡನೆ ಬೆರೆಸಿ, ಬಾಯಿಯನ್ನು ಮಣ್ಣು ಮೆತ್ತಿದ ಬಟ್ಟೆಯಿಂದ ಬಂಧಿಸಿ, ಧಾನ್ಯರಾಶಿಯಲ್ಲಾಗಲಿ ನೆಲದಲ್ಲಾಗಲಿ ಪಕ್ಷವೋ ಮಾಸವೋ ಹುಗಿದಿಡುತ್ತಿದ್ದರು. ತುಪ್ಪವನ್ನೇಕೆ ಸವರಬೇಕು? ಮಡಕೆಯ ಮೈಯಲ್ಲಿ ಸೂಕ್ಷ್ಮರಂಧ್ರಗಳಿರುವುದರಿಂದ ಅದು ದ್ರವವನ್ನು ಹೀರುತ್ತದೆ, ಹೊರಕ್ಕೆ ಜಿನುಗಿಸುತ್ತದೆ. ಬೇಸಗೆಯಲ್ಲಿ ಹೂಜಿಯ ನೀರು ತಣ್ಣಗಾಗುವುದೂ ಇದರಿಂದಲೇ. ಕುಡಿಯುವ ನೀರಿಗೆ ಗುಣವಾದ ಈ ಧರ್ಮವು ಔಷಧಿಗೆ ದೋಷವಾಗುತ್ತದೆ. ತುಪ್ಪವು ಆ ರಂಧ್ರಗಳನ್ನು ಮುಚ್ಚುತ್ತದೆ.

ಹಾಗಾದರೆ ಪ್ರಾಚೀನರಿಗೆ ಗಾಜು ತಿಳಿದಿರಲಿಲ್ಲವೆ? ತಿಳಿದಿತ್ತು. ನಮ್ಮ ‘ಗಾಜು’ ಎಂಬ ಶಬ್ದವೇ ಸಂಸ್ಕೃತದ ‘ಕಾಚ’ದ ತದ್ಭವವು. ಸುಶ್ರುತನು ಅನ್ನಪಾನವಿಧಿಯಲ್ಲಿ ಯಾವ ಪದಾರ್ಥವನ್ನು ಯಾವ ಪಾತ್ರೆಯಲ್ಲಿ ಬಡಿಸಬೇಕೆಂದು ಹೇಳುವಾಗ ನೀರು, ಪಾನಕ, ಮದ್ಯಗಳಿಗೆ ಮಣ್ಣಿನ ಪಾತ್ರೆಯನ್ನೂ, ಹುಳಿಸಿಹಿಯ ಕೆಲವು ಭಕ್ಷ್ಯಪೇಯಗಳಿಗೆ ಕಾಚಸ್ಫಟಿಕಗಳ ಪಾತ್ರೆಯನ್ನೂ ವಿಧಿಸಿದ್ದಾನೆ. ರಸವೈದ್ಯರು ಮಕರಧ್ವಜವನ್ನು ಸಿದ್ಧಪಡಿಸಲು ಮಣ್ಣುಬಟ್ಟೆ ಸುತ್ತಿದ ಕಾಚಕೂಪಿಯನ್ನು ವಾಲುಕಾಯಂತ್ರದಲ್ಲಿ, ಎಂದರೆ ಮರಳಿನ ಮಧ್ಯದಲ್ಲಿಟ್ಟು, ಕಾಯಿಸುತ್ತಿದ್ದರು. ಆದರೆ ಇವೆಲ್ಲ ವಿಶೇಷ ಪ್ರಯೋಗಗಳು. ನಮ್ಮ ನಾಡಿನ ಗಾಜಿನ ಕುಲುಮೆಗಳು ಮುಖ್ಯವಾಗಿ ಬಳೆಗಾಗಿ ಉರಿಯುತ್ತಿದ್ದವು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ನನು ಈಗಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಗಾಜಿನ ಬಳೆಗಳ ತಯಾರಿಕೆಯನ್ನು ಕಂಡು ವರ್ಣಿಸಿದ್ದಾನೆ. ಗಾಜು ಕೈಯನ್ನು ಅಲಂಕರಿಸಿತ್ತೇ ಹೊರತು ಹಳ್ಳಿಯ ವೈದ್ಯರ ಗೂಡನ್ನು ಸೇರಿರಲಿಲ್ಲ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರೂ ಆಯುರ್ವೇದವನ್ನು ಬಲ್ಲವರೂ ಆಗಿದ್ದರು. ಅಂತಹವರ ಕಾಲದಲ್ಲಿ ಮಡಕೆ, ಭರಣಿ, ಬಿದಿರಂಡೆಗಳೇ ಮನೆಮನೆಯ ಪಾತ್ರೆಗಳು.

ಔಷಧಿಯ ಸೀಸೆಯು ನಮ್ಮಲ್ಲಿಗೆ ವ್ಯಾಪಕವಾಗಿ ಬಂದುದು ಇಂಗ್ಲಿಷ್ ವೈದ್ಯದ ಆಸ್ಪತ್ರೆಗಳೊಡನೆ. ‘ಸೀಸೆ’ ಎಂಬ ಹೆಸರೂ ಗಾಜೆಂಬರ್ಥದ ಪಾರ್ಸಿಯ ‘ಶೀಶಾ’ದಿಂದ ಬಂದುದೇ. ಮದ್ಯಸಾರದಲ್ಲಿ ಮೂಲಿಕೆಯ ಸತ್ವವನ್ನು ಇಳಿಸಿದ ಟಿಂಕ್ಚರುಗಳನ್ನು ಆ ವೈದ್ಯರು ಬಿರಡೆಯುಳ್ಳ ಗಾಜಿನಲ್ಲಿಯೇ ಇಡುತ್ತಿದ್ದರು. ರೋಗಿಯು ಮನೆಯಿಂದ ತೊಳೆದ ಸೀಸೆಯನ್ನು ಒಯ್ಯುವುದು, ಕಾಂಪೌಂಡರನು ಅದಕ್ಕೆ ಔಷಧಿಯನ್ನು ತುಂಬಿ, ಪ್ರಮಾಣವನ್ನು ತೋರಿಸಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದವನ್ನು ಅಂಟಿಸುವುದು, ಇವು ವಯಸ್ಸಾದವರಿಗೆಲ್ಲ ನೆನಪಿರುವ ಸಂಗತಿಗಳು. ೧೯೦೩ರಲ್ಲಿ ಅಮೆರಿಕೆಯ ಮೈಕೇಲ್ ಓವೆನ್ಸನು ಸೀಸೆಯನ್ನು ತಾನಾಗಿ ಊದುವ ಯಂತ್ರವನ್ನು ನಿರ್ಮಿಸಿದ ಮೇಲೆ ಸೀಸೆಯು ಅಗ್ಗವಾಯಿತು. ೧೯೦೮ರಲ್ಲಿ ತಳೇಗಾಂವಿನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆಯು ಜನರ ಕಾಸುಕಾಸಿನ ಚಂದಾದಿಂದ ಏರ್ಪಟ್ಟಿತು. ಅದೇ ವರ್ಷ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಸ್ಥಾಪಿತವಾಯಿತು. ಹೀಗೆ ಗಾಜಿನ ಸೀಸೆಯು ಆಯುರ್ವೇದಕ್ಕೆ ಹೊಸದಾಗಿ ಬಂದ ಅತಿಥಿ.

ಆದರೂ ವೈದ್ಯರು ಆ ಅತಿಥಿಯನ್ನು ಹಿಂಜರಿಯದೆ ಸ್ವೀಕರಿಸಿದರು. ಏಕೆಂದರೆ ಪಾತ್ರೆಯು ಔಷಧಿಯಿಂದ ಏನನ್ನೂ ಕಸಿಯಬಾರದು, ಔಷಧಿಗೆ ತನ್ನದೇನನ್ನೂ ಸೇರಿಸಬಾರದು ಎಂಬ ನ್ಯಾಯವನ್ನು ಗಾಜು ತುಪ್ಪ ಸವರಿದ ಮಡಕೆಗಿಂತಲೂ ಚೆನ್ನಾಗಿ ಪಾಲಿಸುತ್ತದೆ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿಯನ್ನಿಟ್ಟರೆ ಕಿಲುಬೇರುವುದನ್ನು ಯಾವ ಗೃಹಿಣಿಯು ಅರಿಯಳು? ಆಸವಾರಿಷ್ಟಗಳು ಹುಳಿಯಂಶವುಳ್ಳುವು, ನೂರಕ್ಕೆ ಸುಮಾರು ೫ರಿಂದ ೧೦ ಭಾಗ ಮದ್ಯಸಾರವೂ ಅವುಗಳಲ್ಲಿ ತಾನಾಗಿ ಹುಟ್ಟಿರುತ್ತದೆ. ಗಾಜನ್ನು ತೀಕ್ಷ್ಣಕ್ಷಾರವು ಸವೆಸಬಲ್ಲುದು. ಇಂತಹ ಹುಳಿಯಾಗಲಿ ಮದ್ಯಸಾರವಾಗಲಿ ಅದನ್ನು ಬಾಧಿಸವು.

ಪ್ಲಾಸ್ಟಿಕ್ ಸೀಸೆಯ ಮಾತು ಬೇರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ‘ಪೆಟ್’ ಎಂಬ ದ್ರವ್ಯವು ೧೯೪೧ರಲ್ಲಿ ಇಂಗ್ಲೆಂಡಿನಲ್ಲಿ ನೂಲಿಗಾಗಿ ಹುಟ್ಟಿದುದು. ಅದರ ಸೀಸೆಗೆ ಹಕ್ಕುಪತ್ರ ದೊರೆತುದು ೧೯೭೩ರಲ್ಲಿ. ಅದರ ಗೋಡೆಯ ಮೂಲಕ ಗಾಳಿಯ ಆಮ್ಲಜನಕವು ಅಲ್ಪಸ್ವಲ್ಪವಾಗಿ ಒಳಕ್ಕೆ ಸೇರುತ್ತದೆ. ಅದರ ತಯಾರಿಕೆಯಲ್ಲಿ ಬಳಸುವ ಆಂಟಿಮನಿ ಧಾತುವು ಬಿಸಿಲಿನ ತಾಪದಲ್ಲಿ ಹೆಚ್ಚಾಗಿ ದ್ರವಕ್ಕೆ ಇಳಿಯುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ೨೦೧೪ರಲ್ಲಿ ಕೇಂದ್ರ ಸರ್ಕಾರವು ಮಕ್ಕಳು, ವೃದ್ಧರು, ಗರ್ಭಿಣಿಯರು ಮೊದಲಾದವರ ದ್ರವೌಷಧಿಗಳಿಗೆ ಇಂತಹ ಸೀಸೆಗಳನ್ನು ನಿಷೇಧಿಸುವ ಕರಡನ್ನು ಪ್ರಕಟಿಸಿತು. ಆಮೇಲೆ ವಿಚಾರಿಸಿದ ತಜ್ಞರ ಸಮಿತಿಗೆ ಹಾನಿಯ ನಿರ್ಣಾಯಕ ಪ್ರಮಾಣವು ದೊರೆಯಲಿಲ್ಲ, ಕರಡು ನಿಯಮವಾಗಲಿಲ್ಲ. ಆದಕಾರಣ ಪ್ಲಾಸ್ಟಿಕ್ ಸೀಸೆಯ ಔಷಧಿಯನ್ನು ವಿಷವೆಂದು ಕೂಗುವುದು ನ್ಯಾಯವಲ್ಲ. ಆದರೆ ತಿಂಗಳುಗಟ್ಟಲೆ ಇಡಬೇಕಾದ ಔಷಧಿಗೆ ಸಂಶಯವಿಲ್ಲದ ಪಾತ್ರೆಯು ಕೈಗೆಟುಕುವಾಗ ಸಂಶಯವುಳ್ಳುದನ್ನು ಏಕೆ ಹಿಡಿಯಬೇಕು?

ನಮ್ಮ ಸೀಮೆಯಲ್ಲಿ ಇದು ಮನೆಯೊಳಗಿನ ಪ್ರಶ್ನೆ. ಇಲ್ಲಿಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿರುವುದರಿಂದ ಶುದ್ಧಿಮಾಡಿದ ನೀರು ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಮನೆಗೆ ಬರುತ್ತದೆ. ಖಾಲಿಯಾದ ನೀರಿನ ಬಾಟಲಿಗೇ ಕಷಾಯವನ್ನೂ ಅರಿಷ್ಟವನ್ನೂ ತುಂಬಿ, ಕಿಟಕಿಯ ಬಿಸಿಲಿನಲ್ಲಿಡುವ ಅಭ್ಯಾಸವೂ ಬೆಳೆದಿದೆ. ಇದನ್ನು ಬಿಡಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿಯಿಂದ ದ್ರಾಕ್ಷಾಸವವನ್ನು ಮನೆಯಲ್ಲಿ ಮಾಡುವವರು ಹುದುಗು ನಿಲ್ಲುವವರೆಗೆ ಮಣ್ಣಿನ ಅಥವಾ ಪಿಂಗಾಣಿಯ ಭರಣಿಯಲ್ಲಿಟ್ಟು, ಸೋಸಿದ ಮೇಲೆ ಬಿಸಿನೀರಿನಿಂದ ತೊಳೆದು ಒಣಗಿಸಿದ ಗಾಜಿಗೆ ತುಂಬಬೇಕು. ಹುದುಗುವಾಗಲೇ ಬಿಗಿಯಾಗಿ ಮುಚ್ಚಿದರೆ ಒಳಗಿನ ವಾಯುವಿನಿಂದ ಗಾಜು ಸಿಡಿದೀತು. ಬೆಳಕನ್ನು ತಡೆಯುವ ಜೇನುಬಣ್ಣದ ಸೀಸೆಯೇ ಉತ್ತಮವು.

ಗಾಜು ಭಾರವಾದುದು, ಒಡೆಯುವಂತಹುದು, ಅದರ ಕುಲುಮೆಗೆ ಸೌದೆಯೂ ಬಹಳ ಬೇಕು ಎಂಬ ಆಕ್ಷೇಪಗಳು ನಿಜವೇ. ಆದರೆ ಒಂದು ಸೀಸೆಯನ್ನು ತೊಳೆದು ಹತ್ತು ಸಲ ಬಳಸಿದರೆ ಆ ವ್ಯಯವು ಹತ್ತು ಪಾಲಾಗುತ್ತದೆ. ಮನೆಯಿಂದ ಸೀಸೆಯನ್ನು ಒಯ್ಯುವ ಹಿಂದಿನ ಪದ್ಧತಿಯನ್ನು ನಮ್ಮೂರಿನ ವೈದ್ಯರೂ ರೋಗಿಗಳೂ ಸೇರಿ ಪುನಃ ನಡೆಸಿದರೆ ಗಾಜಿನ ಗುಣವೂ ಉಳಿಯುವುದು, ಖರ್ಚೂ ತಗ್ಗುವುದು.