‘ಸ್ಯಾಂಕ್ಷನ್’: ಮಂಜೂರಾತಿಯೂ ಹೌದು, ದಿಗ್ಬಂಧನವೂ ಹೌದು

ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತೆಂದರೆ ಮನೆಮಂದಿಗೆಲ್ಲ ಸಂತಸ. ಅದೇ ಒಂದು ದೇಶದ ಮೇಲೆ ಸ್ಯಾಂಕ್ಷನ್ ಬಿತ್ತೆಂದರೆ ಅಲ್ಲಿನ ಜನರಿಗೆ ಸಂಕಷ್ಟ. ಒಂದೇ ಪದವು ಅನುಮತಿಯನ್ನೂ ಶಿಕ್ಷೆಯನ್ನೂ ಸೂಚಿಸುವುದು ಇಂಗ್ಲಿಷಿನ ವೈಚಿತ್ರ್ಯಗಳಲ್ಲೊಂದು.

ಲ್ಯಾಟಿನ್ ಭಾಷೆಯ ‘ಸಾಂಕಿರೆ’ ಇದರ ಮೂಲ. ಪವಿತ್ರವೆಂದು ಸಾರು, ಮೀರಲಾಗದಂತೆ ವಿಧಿಸು ಎಂಬುದು ಅದರ ಅರ್ಥ. ಸಂತರಿಗೆ ಬಳಸುವ ‘ಸೇಂಟ್’ ಕೂಡ ಇದೇ ಬೇರಿನದು. ಆರಂಭದಲ್ಲಿ ‘ಸ್ಯಾಂಕ್ಷನ್’ ಎಂದರೆ ಕಟ್ಟಳೆ, ಶಾಸನ. ಹ್ಯಾಬ್ಸ್‌ಬರ್ಗ್ ರಾಜ್ಯಗಳಿಗೆ ಹೆಣ್ಣುಮಕ್ಕಳೂ ಉತ್ತರಾಧಿಕಾರಿಗಳಾಗಬಹುದೆಂದು ಚಕ್ರವರ್ತಿ ಆರನೇ ಚಾರ್ಲ್ಸ್ 1713ರಲ್ಲಿ ಹೊರಡಿಸಿದ ಶಾಸನಕ್ಕೆ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎಂದೇ ಹೆಸರು.

ಶಾಸನಕ್ಕೆ ಅಧಿಕಾರದ ಮುದ್ರೆ ಬೇಕು, ಮೀರಿದವರಿಗೆ ದಂಡವೂ ಬೇಕು. ಮುದ್ರೆಯಿಂದ ಅನುಮತಿಯ ಅರ್ಥ ಹೊರಟರೆ, ದಂಡದಿಂದ ನಿರ್ಬಂಧದ ಅರ್ಥ ಬೆಳೆಯಿತು. ಇಥಿಯೋಪಿಯಾದ ಮೇಲೆ ದಂಡೆತ್ತಿದ ಇಟಲಿಯ ವಿರುದ್ಧ ರಾಷ್ಟ್ರಸಂಘವು 1935ರಲ್ಲಿ ಹೇರಿದ್ದು ಈ ಎರಡನೆಯ ಬಗೆಯ ಸ್ಯಾಂಕ್ಷನ್. 1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ಬಳಿಕ ಅದರ ಬಿಸಿ ಬೆಂಗಳೂರಿಗೂ ತಟ್ಟಿತು. ಇಲ್ಲಿ ರೂಪುಗೊಳ್ಳುತ್ತಿದ್ದ ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ನೀಡುತ್ತಿದ್ದ ಸಹಕಾರ ಸ್ಥಗಿತಗೊಂಡಿತು. ನಮ್ಮ ವಿಜ್ಞಾನಿಗಳು ಕೆಲಸ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಮೊದಲ ಬಾರಿಗೆ ಹಾರಿತು.

ಇಂಗ್ಲಿಷಿನಲ್ಲಿ ‘ಸ್ಯಾಂಕ್ಷನ್ಡ್ ಪ್ಲಾನ್’ ಎಂದರೆ ಒಪ್ಪಿಗೆ ಪಡೆದ ನಕ್ಷೆ, ‘ಸ್ಯಾಂಕ್ಷನ್ಡ್ ಶಿಪ್’ ಎಂದರೆ ನಿರ್ಬಂಧಕ್ಕೊಳಗಾದ ಹಡಗು. ಅವಸರದಲ್ಲಿ ಅನುವಾದಿಸುವವರು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಈ ತೊಡಕಿಲ್ಲ. ಅನುಮತಿಗೆ ‘ಮಂಜೂರಾತಿ’ ಇದೆ, ಶಿಕ್ಷೆಗೆ ‘ನಿರ್ಬಂಧ’, ‘ದಿಗ್ಬಂಧನ’ ಇವೆ. ಅಂದಹಾಗೆ, ಅರಬ್ಬಿ ಮೂಲದ ‘ಮಂಜೂರು’ ಪದಕ್ಕೆ ‘ನೋಡಲಾದದ್ದು’ ಎಂದರ್ಥ. ‘ನಜರು’ ಅದರ ಸೋದರ ಪದ. ದೊರೆಯ ಕಣ್ಣಿಗೆ ಬಿದ್ದ ಅರ್ಜಿಯೇ ಮಂಜೂರಾದ ಅರ್ಜಿ ಎನ್ನೋಣ!

ಆದರೆ ಕಾನೂನಿನ ಸುದ್ದಿಗಳಲ್ಲಿ ಕನ್ನಡವೂ ಎಚ್ಚರ ತಪ್ಪುವುದುಂಟು. ಮುಡಾ ನಿವೇಶನ ಪ್ರಕರಣದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶವು ಎರಡು ಕಲಮುಗಳನ್ನು ಉಲ್ಲೇಖಿಸಿತ್ತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 17ಎ ಕಲಮು ಕೇಳುವುದು ತನಿಖೆಗೆ ಮುನ್ನ ‘ಅಪ್ರೂವಲ್’. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮು ಕೇಳುವುದು ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಪರಿಗಣಿಸುವ ಮುನ್ನ ‘ಸ್ಯಾಂಕ್ಷನ್’. ಸೆಪ್ಟೆಂಬರ್ 24ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿದರೂ, ಅದನ್ನು 17ಎ ಅನುಮೋದನೆಗಷ್ಟೇ ಸೀಮಿತಗೊಳಿಸಿತು. 218ರ ಮಂಜೂರಾತಿಯೆಂದು ಒಪ್ಪಲಿಲ್ಲ. ಕನ್ನಡ ಸುದ್ದಿಗಳಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ‘ಅನುಮತಿ’ ಎಂಬ ಒಂದೇ ಪದ ಬಳಕೆಯಾಗುವುದರಿಂದ, ತನಿಖೆಗೆ ಮಾತ್ರ ಹಾದಿ ತೆರೆದಿದೆ, ಅಭಿಯೋಜನೆಗೆ ಅಲ್ಲ ಎಂಬ ಸಂಗತಿ ಓದುಗರಿಗೆ ಸುಲಭವಾಗಿ ತಿಳಿಯುವಂತಿರಲಿಲ್ಲ.