ಗಾಳ ಹಿಡಿದು ಕಣಿವೆಗೆ ಹೊರಡುವ ಮುನ್ನ: ಮಧುಮೇಹ, ರಕ್ತದೊತ್ತಡ ಇರುವವರಿಗೆ

ಗಾಳ ಹಾಕುವುದೆಂದರೆ ದಡದಲ್ಲಿ ಸುಮ್ಮನೆ ಕೂರುವುದು ಎಂದುಕೊಂಡಿದ್ದೀರಾ? ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ನದಿಗೆ ಟ್ರೌಟ್ ಹಿಡಿಯಲು ಹೋದರೆ ಹಾಗಲ್ಲ. ಜಾರುವ ಬಂಡೆಗಳ ಮೇಲೆ ನಡೆಯಬೇಕು, ಕೊರೆಯುವ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಉಳಿದ ದಿನಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಅದಕ್ಕೆ ಓಡಾಡುವಷ್ಟೇ ಮುತುವರ್ಜಿ ದೇಹದ ಬಗ್ಗೆಯೂ ಇರಲಿ.

6ರಿಂದ 8 ವಾರ ಮೊದಲೇ ನಡಿಗೆ ಶುರುಮಾಡಿ. ಆಮೇಲೆ ಬೆನ್ನಿಗೆ ಚೀಲ ಹೊತ್ತು ಮೆಟ್ಟಿಲು ಹತ್ತಿ. ಹತ್ತುವಾಗ ಎದೆ ಬಿಗಿದರೆ ಮೊದಲು ವೈದ್ಯರನ್ನು ಕಾಣಿ, ಪ್ರವಾಸದ ಮಾತು ಆಮೇಲೆ.

ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ತಂಪಾಗಿರಲಿ ಎಂದು ಪೆನ್ನನ್ನು ಐಸ್ ಜೊತೆಗಿಟ್ಟು ಕೆಡಿಸಿಕೊಂಡವರನ್ನು ಔಷಧದ ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ. ಚಳಿಯ ರಾತ್ರಿಯಲ್ಲಿ ಅದನ್ನು ಮೈಗೆ ಹತ್ತಿರದ ಒಳಜೇಬಿನಲ್ಲಿಡಿ. ಸಕ್ಕರೆ ಇಳಿದಾಗ ಬರುವ ನಡುಕವನ್ನು ಚಳಿಯ ನಡುಕವೆಂದು ತಿಳಿಯುವುದು ಸುಲಭ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣಿಸದೆಯೂ ಇರಬಹುದು. ಬೆವರು ಮಾತ್ರ ಕಾಣಬಹುದು. ಚಳಿಯಲ್ಲಿ ಬೆವರಿದರೆ ಅನುಮಾನಿಸಿ, ಗ್ಲುಕೋಮೀಟರ್‌ನಲ್ಲಿ ನೋಡಿ. ಸಕ್ಕರೆ ಇಳಿದಿದ್ದರೆ 3 ಚಮಚ ಸಕ್ಕರೆ ತಿಂದು, 15 ನಿಮಿಷದ ನಂತರ ಮತ್ತೆ ನೋಡಿ. ಪಾದ ಜೋಮು ಹಿಡಿಯುವವರು ನೀರಿನಿಂದ ಬಂದೊಡನೆ ಕಾಲ್ಬೆರಳ ಸಂದುಗಳನ್ನು ಕಣ್ಣಾರೆ ಪರೀಕ್ಷಿಸಿ, ಏಕೆಂದರೆ ಗಾಯವಾದರೂ ನೋವು ತಿಳಿಯುವುದಿಲ್ಲ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ಔಷಧವಿದ್ದರೆ ಗಾಳ ಚುಚ್ಚಿದ ಗಾಯದ ರಕ್ತ ಬೇಗ ನಿಲ್ಲದು. 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಕಣ್ಣಿಗೆ ಚುಚ್ಚಿದ ಗಾಳವನ್ನು ಮಾತ್ರ ಕೀಳಬೇಡಿ, ಒತ್ತಲೂ ಬೇಡಿ. ಹಾಗೆಯೇ ಆಸ್ಪತ್ರೆಗೆ ಹೋಗಿ. ಟೆಟನಸ್ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಇನ್ನು ಮನಸ್ಸಿನ ವಿಷಯ. ದಿನವಿಡೀ ಒಂದು ಮೀನೂ ಕಚ್ಚದಿರಬಹುದು, ಮೊಬೈಲಿಗೆ ಸಿಗ್ನಲ್ಲೂ ಸಿಗದಿರಬಹುದು. ಆತಂಕ, ಖಿನ್ನತೆಗೆ ಮಾತ್ರೆ ನುಂಗುವವರು 'ರಜೆಯಲ್ಲವೇ' ಎಂದು ಅದನ್ನು ನಿಲ್ಲಿಸಬೇಡಿ. ಚಳಿಗೆಂದು ಮದ್ಯ ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ದೇಹ ಶಾಖ ಕಳೆದುಕೊಳ್ಳುತ್ತದೆ. ನಿದ್ರೆ ಮಾತ್ರೆಯ ಜೊತೆಗಂತೂ ಕುಡಿಯಲೇಬೇಡಿ.

ಮನೆಯವರಿಗೊಂದು ಕೆಲಸ: ಔಷಧಗಳ ಬ್ರ್ಯಾಂಡ್ ಹೆಸರಲ್ಲ, ಒಳಗಿನ ಮದ್ದಿನ ಹೆಸರು ಮತ್ತು ಪ್ರಮಾಣವನ್ನು ಇಂಗ್ಲಿಷಿನಲ್ಲಿ ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿ. ನಿಮ್ಮೂರಿನ ಬ್ರ್ಯಾಂಡ್ ಅಲ್ಲಿನ ಅಂಗಡಿಯಲ್ಲಿ ಸಿಗದೇ ಹೋಗಬಹುದು.