ಗ್ರ್ಯಾಂಡ್‌ಫಾದರ್ ಗಡಿಯಾರ: ಅಸಲಿತನ ಮತ್ತು ಬೆಲೆ

ಗ್ರ್ಯಾಂಡ್‌ಫಾದರ್ ಗಡಿಯಾರವೆಂದರೆ ಆಳೆತ್ತರದ ಮರದ ಪೆಟ್ಟಿಗೆಯಲ್ಲಿ ಉದ್ದನೆಯ ಲೋಲಕವೂ ಇಳಿಬಿಟ್ಟ ತೂಕದ ಗುಂಡುಗಳೂ ಇರುವ, ನೆಲದ ಮೇಲೆ ನಿಲ್ಲಿಸುವ ಗಡಿಯಾರ. ಇಂಗ್ಲೆಂಡಿನ ಕಸುಬಿನವರು ಇದನ್ನು ಲಾಂಗ್‌ಕೇಸ್ ಎನ್ನುತ್ತಾರೆ. ಜನಬಳಕೆಯ ಹೆಸರು ಹುಟ್ಟಿದ್ದು ಅಮೆರಿಕದ ಹೆನ್ರಿ ಕ್ಲೇ ವರ್ಕ್ 1876ರಲ್ಲಿ ಪ್ರಕಟಿಸಿದ ಹಾಡಿನಿಂದ. ಅಷ್ಟು ಹೊತ್ತಿಗೆ ಈ ಬಗೆಯ ಗಡಿಯಾರಕ್ಕೆ ಇನ್ನೂರು ವರ್ಷ ತುಂಬಿತ್ತು. ಇಲ್ಲಿನ ವಿವರಣೆ ಇಂಗ್ಲೆಂಡಿನ ಗಡಿಯಾರಗಳನ್ನು ಕುರಿತದ್ದು.

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಹೊಂದಿಸಿದ. 1658ರ ವೇಳೆಗೆ ಅಹಾಸುಯೆರಸ್ ಫ್ರೊಮಾಂಟೀಲ್ ಲಂಡನ್ನಿನಲ್ಲಿ ಅಂಥ ಗಡಿಯಾರಗಳಿಗೆ ಜಾಹೀರಾತು ಕೊಟ್ಟ. ಆಗಿನ ಲೋಲಕ ಗಿಡ್ಡ, ಅದರ ತೂಗಾಟ ಅಗಲ. 1670ರ ಸುಮಾರಿಗೆ ಲಂಗರಿನ ಆಕಾರದ ಎಸ್ಕೇಪ್‌ಮೆಂಟ್ (ಲೋಲಕದ ತೂಗಾಟಕ್ಕೆ ತಕ್ಕಂತೆ ಚಕ್ರವನ್ನು ಹಲ್ಲು ಹಲ್ಲಾಗಿ ಬಿಡುವ ಭಾಗ) ಬಂದ ಮೇಲೆ ಲೋಲಕ ಕಿರಿದಾದ ಕೋನದಲ್ಲಿ ಆಡಿದರೆ ಸಾಕಾಯಿತು. ಹೀಗಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೋಗುವ, ಸುಮಾರು 99 ಸೆಂಟಿಮೀಟರಿನ ಲೋಲಕವನ್ನು ಸಣ್ಣ ಸೊಂಟದ ಪೆಟ್ಟಿಗೆಯೊಳಗೆ ಇಡಲು ಸಾಧ್ಯವಾಯಿತು.

ಅಸಲಿತನ ಅಳೆಯುವವರು ಮೊದಲು ತಿಳಿಯಬೇಕಾದ ಸಂಗತಿ ಇದು: ಇಂಥ ಗಡಿಯಾರ ಒಬ್ಬನ ಕೈಕೆಲಸವಲ್ಲ. ಯಂತ್ರ ಗಡಿಯಾರದವನದು, ಪೆಟ್ಟಿಗೆ ಬಡಗಿಯದು, ಡಯಲ್‌ನ ಕೆತ್ತನೆ ಅಥವಾ ಬಣ್ಣ ಮತ್ತೊಬ್ಬನದು. ಮೂರನ್ನೂ ಸುಲಭವಾಗಿ ಬೇರ್ಪಡಿಸಬಹುದಾದ್ದರಿಂದ, ಹುಳು ತಿಂದ ಪೆಟ್ಟಿಗೆಯನ್ನು ಬಿಸಾಡಿ ಯಂತ್ರವನ್ನು ಇನ್ನೊಂದರಲ್ಲಿ ಕೂರಿಸುವುದು ಹಿಂದಿನಿಂದಲೂ ನಡೆದಿದೆ. ಹರಾಜಿನ ಮಾತಿನಲ್ಲಿ ಇದಕ್ಕೆ ‘ಮದುವೆ’ ಎಂದು ಹೆಸರು. ನಮ್ಮಲ್ಲಿ ಕೂಡಿಕೆ ಎನ್ನಬಹುದು. ಆದ್ದರಿಂದ ‘ಇದು ಎಷ್ಟು ಹಳೆಯದು’ ಎಂಬುದಕ್ಕಿಂತ ‘ಇವು ಮೂರೂ ಒಟ್ಟಿಗೆ ಮುದಿಯಾದವೇ’ ಎಂಬುದೇ ಮುಖ್ಯ ಪ್ರಶ್ನೆ.

ಉತ್ತರ ಸಿಗುವುದು ಹೊಳೆಯುವ ಮುಂಭಾಗದಲ್ಲಲ್ಲ, ಯಾರೂ ಪಾಲಿಷ್ ಮಾಡದ ಒಳಭಾಗದಲ್ಲಿ. ಪೆಟ್ಟಿಗೆಯ ತಲೆಭಾಗವನ್ನು ಮುಂದಕ್ಕೆ ಎಳೆದು ತೆಗೆದರೆ ಯಂತ್ರ ಒಂದು ಹಲಗೆಯ ಮೇಲೆ, ಆ ಹಲಗೆ ಪೆಟ್ಟಿಗೆಯ ಎರಡು ಪಕ್ಕದ ಮರಗಳ ಮೇಲೆ ಕೂತಿರುವುದು ಕಾಣುತ್ತದೆ. ಪಕ್ಕದ ಮರಕ್ಕೆ ಎತ್ತರ ಹೆಚ್ಚಿಸಲು ತುಂಡು ಸೇರಿಸಿದ್ದರೆ, ಅಥವಾ ತಗ್ಗಿಸಲು ಕೊಯ್ದಿದ್ದರೆ, ಅಲ್ಲಿ ಮೊದಲು ಬೇರೆ ಯಂತ್ರ ಇತ್ತೆಂದು ಅನುಮಾನಿಸಬೇಕು. ಹಲಗೆಯೊಂದೇ ಹೊಸದಾಗಿದ್ದರೆ ಅಷ್ಟು ಗಾಬರಿಯಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಹಲಗೆಯನ್ನು ಬದಲಿಸುವುದು ಸಹಜ. ಒಳಗೋಡೆಗೆ ಗುಂಡುಗಳು ಉಜ್ಜಿದ ಗೀರು, ಬೆನ್ನಹಲಗೆಗೆ ಲೋಲಕದ ಬಟ್ಟು ತಾಗಿದ ಕಲೆ ಈಗಿನ ಗುಂಡು, ಬಟ್ಟುಗಳ ಎತ್ತರಕ್ಕೆ ಹೊಂದಬೇಕು. ತಲೆಭಾಗದ ಬಾಗಿಲ ಚೌಕಟ್ಟು ಡಯಲ್‌ನ ಅಂಚನ್ನು ಮುಚ್ಚಿಯೂ ಮುಚ್ಚದಂತೆ ಕೂರಬೇಕು. 12 ಅಂಗುಲದ ಕಿಂಡಿಯಲ್ಲಿ 11 ಅಂಗುಲದ ಡಯಲ್ ಇಟ್ಟು ಸುತ್ತ ಪಟ್ಟಿ ಹೊಡೆದಿದ್ದರೆ ಅದು ಕೂಡಿಕೆಯೇ.

ಹಿತ್ತಾಳೆಯ ತೂತುಗಳು ಇನ್ನೂ ನೇರವಾಗಿ ಮಾತಾಡುತ್ತವೆ. ಡಯಲ್‌ನ ಕಾಲುಗಳು ಯಂತ್ರದ ಮುಂದಿನ ತಗಡಿನ ತೂತುಗಳಿಗೆ ಇಳಿಯುತ್ತವೆ. ಕೆಲಸವಿಲ್ಲದ ತೂತು, ಹಿತ್ತಾಳೆ ತುಂಬಿ ಮುಚ್ಚಿದ ಗುರುತು ಕಂಡರೆ ಡಯಲ್ ಬದಲಾಗಿರಬಹುದು. ಇದರಲ್ಲೂ ಎಚ್ಚರ ಬೇಕು. 1770ರ ದಶಕದಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಬಣ್ಣ ಬಳಿದ ಬಿಳಿ ಡಯಲ್‌ಗಳು ಸಿದ್ಧವಾಗಿ ಮಾರಾಟಕ್ಕೆ ಬಂದವು. ಯಾವ ಯಂತ್ರಕ್ಕಾದರೂ ಸುಲಭವಾಗಿ ಕೂರಲೆಂದು ಹಲವಕ್ಕೆ ಹಿಂಬದಿಯಲ್ಲಿ ಕಬ್ಬಿಣದ ಎರಕದ ತಗಡೊಂದು ಇರುತ್ತಿತ್ತು. ಆ ತಗಡಿನ ಮೇಲೆ ಆಸ್‌ಬಾರ್ನ್, ವಿಲ್ಸನ್‌ರಂಥ ಡಯಲ್ ತಯಾರಕರ ಹೆಸರಿದ್ದರೆ ಅದು ದೋಷವಲ್ಲ, ಕಾಲ ಹೇಳುವ ಸಾಕ್ಷಿ.

ಡಯಲ್‌ನ ರೂಪವೇ ಕಾಲವನ್ನು ಸುಮಾರಾಗಿ ಹೇಳುತ್ತದೆ. ಹತ್ತು ಅಂಗುಲದ ಚೌಕ ಹಿತ್ತಾಳೆ ಡಯಲ್ 17ನೇ ಶತಮಾನದ ಕೊನೆಯ ಭಾಗದ್ದು. ಮೇಲೆ ಕಮಾನಿರುವ ಡಯಲ್ 1720ರ ಆಸುಪಾಸಿನಿಂದ ಬಳಕೆಗೆ ಬಂತು. ಆ ಕಮಾನಿನಲ್ಲಿ ಹಲವೊಮ್ಮೆ ಚಂದ್ರ ಸುತ್ತುತ್ತಾನೆ. ಒಂದು ಬಿಲ್ಲೆಯ ಮೇಲೆ ಎರಡು ಚಂದ್ರರು, ಅಂಚಿಗೆ 118 ಹಲ್ಲು. ಎರಡು ಚಾಂದ್ರಮಾಸಕ್ಕೆ 59 ದಿನ, ದಿನಕ್ಕೆ ಎರಡು ಹಲ್ಲು. ಈ ಲೆಕ್ಕದ ಚೆಲುವು ಕಂಡಾಗ ಆ ಕಸುಬುದಾರರ ಮೇಲೆ ಗೌರವ ಮೂಡದೆ ಇರದು. ನಾದವೂ ಸುಳಿವೇ. ಕಾಲುಗಂಟೆಗೊಮ್ಮೆ ವೆಸ್ಟ್‌ಮಿನ್‌ಸ್ಟರ್ ರಾಗ ನುಡಿಸುವ ಗಡಿಯಾರವನ್ನು 1750ರದೆಂದು ಮಾರುತ್ತಿದ್ದರೆ ನಂಬಬಾರದು. ಆ ರಾಗ ಕೇಂಬ್ರಿಡ್ಜಿನ ಚರ್ಚೊಂದಕ್ಕೆ 1793ರಲ್ಲಿ ಬಂದದ್ದು. ಜನಪ್ರಿಯವಾದದ್ದು 1859ರಲ್ಲಿ ಬಿಗ್ ಬೆನ್ ಗೋಪುರದಲ್ಲಿ ಕೇಳಿಸಿದ ಮೇಲೆ.

ಕೀಲಿ ಕೊಡುವ ಎರಡು ತೂತು ಇದ್ದರೆ ಎಂಟು ದಿನ ನಡೆಯುವ ಯಂತ್ರ. ತೂತಿಲ್ಲದೆ ಒಳಗೆ ಸರಪಳಿ ಎಳೆಯುವುದಾದರೆ ಮೂವತ್ತು ಗಂಟೆಯದು. ಎಂಟು ದಿನದ್ದಕ್ಕೆ ಬೆಲೆ ಹೆಚ್ಚು. ನೆರೆಹೊರೆಯವರ ಕಣ್ಣಿಗೆ ಹಾಗೆ ಕಾಣಲೆಂದು ಮೂವತ್ತು ಗಂಟೆಯ ಗಡಿಯಾರಕ್ಕೆ ಹುಸಿ ತೂತು ಮಾಡಿಸಿದ್ದೂ ಉಂಟು.

ಡಯಲ್ ಮೇಲಿನ ಹೆಸರು ಹಲವು ಸಲ ಮಾರಿದವನದು, ಮಾಡಿದವನದಲ್ಲ. ಲಂಡನ್ನಿನವನಾದರೆ 1631ರಲ್ಲಿ ಸನ್ನದು ಪಡೆದ ಗಡಿಯಾರ ಕಸುಬಿನ ಸಂಘದ ಶಿಷ್ಯವೃತ್ತಿ ದಾಖಲೆಗಳಲ್ಲಿ ಅವನನ್ನು ಹುಡುಕಬಹುದು. ಲಂಡನ್ನಿನ ಹೆಸರಾಂತ ಗಡಿಯಾರ ತಯಾರಕ ಥಾಮಸ್ ಟಾಂಪಿಯನ್ (1639–1713) ಹೆಸರಿನಲ್ಲಿ ಖೋಟಾ ಗಡಿಯಾರಗಳು ಬಹಳ. ಅವನು ತನ್ನ ಗಡಿಯಾರಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದುದರಿಂದ, ಸಂಖ್ಯೆಗೂ ಕೆಲಸದ ಶೈಲಿಗೂ ತಾಳೆ ನೋಡಬೇಕು.

ಬೆಲೆಯಲ್ಲಿ ಮೇಲಿನ ಸ್ಥಾನ 17ನೇ ಶತಮಾನದ ಲಂಡನ್ ಕೆಲಸಕ್ಕೆ, ಅದರಲ್ಲೂ ತಿಂಗಳಿಗೊಮ್ಮೆ ಕೀಲಿ ಕೊಟ್ಟರೆ ಸಾಕಾಗುವ ಯಂತ್ರಗಳಿಗೆ. ವಿಕ್ಟೋರಿಯಾ ಕಾಲದ ಅಗಲ ಪೆಟ್ಟಿಗೆಯ ಗಡಿಯಾರಗಳು ಕೆಳಗೆ ನಿಲ್ಲುತ್ತವೆ. ಈ ಶತಮಾನದಲ್ಲಿ ಹಳೆಯ ಕಂದು ಮರದ ಸಾಮಾನುಗಳ ಬೇಡಿಕೆ ಕುಸಿದು, ಸಾಧಾರಣ ಗಡಿಯಾರಗಳ ಬೆಲೆಯೂ ಇಳಿದಿದೆ. ಎತ್ತರದ್ದು ಈಗಿನ ತಗ್ಗು ಚಾವಣಿಯ ಮನೆಗೆ ಹೊಂದುವುದಿಲ್ಲವೆಂಬುದೂ ಒಂದು ಕಾರಣ. ವಿಮೆಗೆ ಬರೆಸಿದ ಮೊತ್ತವನ್ನು ಹರಾಜಿನಲ್ಲಿ ನಿರೀಕ್ಷಿಸಬಾರದು.

ದುರಸ್ತಿಯನ್ನೆಲ್ಲ ಕಳಂಕವೆಂದು ಎಣಿಸುವುದು ಅನ್ಯಾಯ. ತೂಕ ಹೊರುವ ಹುರಿ, ಲೋಲಕವನ್ನು ತೂಗುಹಾಕುವ ತೆಳು ಉಕ್ಕಿನ ಪಟ್ಟಿ ಸವೆಯುವ ವಸ್ತುಗಳು. ನೀರು ಹಾಕಿ ತೊಳೆಯುವ ಕಲ್ಲುನೆಲದ ಮೇಲೆ ನಿಂತ ಪೆಟ್ಟಿಗೆಯ ಬುಡ ಕೊಳೆತು ಮರುಜೋಡಣೆಯಾಗಿರುವುದು ಸಾಮಾನ್ಯ. ಬೆಲೆ ನಿಜಕ್ಕೂ ಬೀಳುವುದು ಮೂಲ ಎಸ್ಕೇಪ್‌ಮೆಂಟ್ ಬದಲಾದಾಗ, ಡಯಲ್‌ಗೆ ಹೊಸ ಬಣ್ಣ ಬಳಿದಾಗ, ಕೂಡಿಕೆಯನ್ನು ಮುಚ್ಚಿಟ್ಟಾಗ. ಪರೀಕ್ಷೆಯ ಕೊನೆಗೆ ಡಯಲ್ ಬಿಚ್ಚಿ ಅದರ ಹಿಂಬದಿಯನ್ನೂ ಯಂತ್ರದ ತಗಡುಗಳನ್ನೂ ದೀಪ ಹಿಡಿದು ನೋಡಬೇಕು. ಗಡಿಯಾರ ತೊಳೆದು ಎಣ್ಣೆ ಬಿಟ್ಟವರು ತಮ್ಮ ಹೆಸರು, ತಾರೀಖುಗಳನ್ನು ಅಲ್ಲಿ ಮೊನೆಯಿಂದ ಗೀರಿ ಹೋಗಿರುತ್ತಾರೆ. ಒಂದೇ ಊರಿನ ಹೆಸರುಗಳು ತಲೆಮಾರುಗಟ್ಟಲೆ ಸಾಲಾಗಿ ಸಿಗುವುದೂ ಉಂಟು.